ಚೌಕ ಮೀರಿದ ಮಣೆ

ನಮ್ಮೂರಲ್ಲಿ ಮದುವೆಯ ಊಟ ಬಡಿಸುವವರಿಗೆ ಏಣಿ ಬೇಕು. ಪಂಕ್ತಿಯಲ್ಲಿ ಒಬ್ಬರು ನೆಲಕ್ಕೆ ಅಂಟಿಕೊಂಡು ಕೂತಿದ್ದರೆ ಪಕ್ಕದವರು ಎದೆಮಟ್ಟದಲ್ಲಿ ಕೂತಿರುತ್ತಾರೆ. ಮೂಲೆಯಲ್ಲಿ ನಿವೃತ್ತ ನ್ಯಾಯಾಧೀಶರು ತೊಲೆಗೆ ತಲೆ ತಾಗದ ಹಾಗೆ ಕತ್ತು ಬಗ್ಗಿಸಿ ಹಪ್ಪಳ ಮುರಿಯುತ್ತಿರುತ್ತಾರೆ. ಹೊರಗಿನಿಂದ ಬಂದ ಬೀಗರು ಮೊದಮೊದಲು ನಗುತ್ತಾರೆ, ಮೇಲಿನಿಂದ ತಮ್ಮ ಎಲೆಗೆ ಸಾರು ತೊಟ್ಟಿಕ್ಕಿದಾಗ ಸುಮ್ಮನಾಗುತ್ತಾರೆ. ನಮಗೆ ಇದೆಲ್ಲ ರೂಢಿ. ಶಾಲೆಗೆ ಸೇರುವ ದಿನ ಮಗು ಮನೆಯಿಂದ ಒಂದು ಮಣೆ ತರುತ್ತದೆ. ಅಡಿಗೆ ಎರಡು ಗಿಡ್ಡ ಪಟ್ಟಿ ಹೊಡೆದ ಸಾದಾ ಮಣೆ. ಮಗು ಕಲಿತ ಹಾಗೆಲ್ಲ ಆ ಪಟ್ಟಿಗಳು ಬೆಳೆದು ಕಾಲಾಗುತ್ತವೆ, ಮಣೆ ಮೇಲೇಳುತ್ತದೆ. ಮಗ್ಗಿ ಬಂದರೆ ಒಂದಿಷ್ಟು, ಭಾಗಾಕಾರ ಬಂದರೆ ಇನ್ನೊಂದಿಷ್ಟು. ಆಮೇಲೆ ಸಾಯುವ ತನಕ ಎಲ್ಲಿ ಕೂತರೂ ಅದರ ಮೇಲೇ.

ಹೆಣ್ಣು ಕೊಡುವವರು ಹುಡುಗನ ಮುಖಕ್ಕಿಂತ ಮೊದಲು ಅವನ ಮಣೆ ನೋಡುತ್ತಾರೆ. ಸೊಸೆಯ ಮಣೆ ಮಗನದಕ್ಕಿಂತ ಎತ್ತರವಾಗಿದ್ದರೆ ಅತ್ತೆ ಸದ್ದಿಲ್ಲದೆ ಅದರ ಕಾಲಿನಡಿಯ ನೆಲ ಕೆದರಿ ತಗ್ಗು ಮಾಡಿಸುತ್ತಾಳೆ. ಎತ್ತರದವರು ಚಹಾದಂಗಡಿಯಲ್ಲಿ ಬಗ್ಗಿ ಬಗ್ಗಿ ಲೋಟ ಇಸಿದುಕೊಂಡು ಸೊಂಟನೋವು ಎಂದು ಗೋಳಾಡುತ್ತಾರೆ, ಆದರೂ ಮಣೆ ಮಾತ್ರ ಎಲ್ಲರಿಗೂ ಕಾಣುವ ಕಡೆಗೇ ಹಾಕಿಕೊಳ್ಳುತ್ತಾರೆ.

ನಾನು ಇಂದುಮತಿ, ಊರಿನ ಶಾಲೆಯ ಟೀಚರು. ಊರವರ ಬಾಯಲ್ಲಿ ಅಕ್ಕೋರು. ನನಗೆ ಖುಷಿ ತಡೆದುಕೊಳ್ಳಲು ಬರುವುದಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹುಡುಗನೊಬ್ಬ ಕೊನೆಗೂ ಸರಿಯಾಗಿ ‘ಳ’ ಬರೆದ ಎಂದರೆ ಪಕ್ಕದ ತರಗತಿಗೆ ಓಡಿಹೋಗಿ ಹೇಳಿ ಬರುವವಳು. ನನ್ನ ಕಾಟ ತಾಳಲಾರದೆಯೇ ಇರಬೇಕು, ಹೆಡ್‌ಮಾಸ್ತರರು ಹೋದ ವರ್ಷ ನನ್ನನ್ನು ಹಿತ್ತಲ ಕಡೆಯ ನೆಲದ ಕೋಣೆಗೆ ಹಾಕಿದರು. ಮಣೆ ಏಳದ ಮಕ್ಕಳ ಕೋಣೆ ಅದು. ಅಲ್ಲಿ ಯಾರೂ ಓದುವುದಿಲ್ಲ, ಬರೆಯುವುದಿಲ್ಲ. ಕೆಲವರಿಗೆ ಕೂರಲೂ ಆಗುವುದಿಲ್ಲ. ಅಲ್ಲಿ ಖುಷಿಪಡಲು ಏನೂ ಸಿಗುವುದಿಲ್ಲ ಎಂದು ಅವರು ಎಣಿಸಿದ್ದರು.

ಆ ಕೋಣೆಯಲ್ಲಿ ಕಸ್ತೂರಿ ಇದ್ದಳು. ಬಡಿಗೇರ ಮೌನಪ್ಪನ ಒಬ್ಬಳೇ ಮಗಳು. ವಯಸ್ಸು ಹತ್ತು ತುಂಬಿತ್ತು. ಅವಳಿಗೆ ಮಾತಿಲ್ಲ, ಕುತ್ತಿಗೆ ನಿಲ್ಲುವುದಿಲ್ಲ, ಮುಷ್ಟಿ ಸದಾ ಬಿಗಿದೇ ಇರುತ್ತದೆ. ಕಣ್ಣು ಎಷ್ಟು ಕಾಣುತ್ತದೆ ಎಂಬುದು ಡಾಕ್ಟರಿಗೂ ತಿಳಿಯದು. ಅವಳವ್ವ ಕಾಳವ್ವ ದಿನಾ ಬೆಳಿಗ್ಗೆ ಕಂಕುಳಲ್ಲಿ ಮಗಳನ್ನೂ ತಲೆಯ ಮೇಲೆ ಮಣೆಯನ್ನೂ ಹೊತ್ತು ತಂದು ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ಊರಿನ ಎಲ್ಲ ಮಕ್ಕಳ ಮಣೆಗಳನ್ನು ಮಾಡುವವನು ಮೌನಪ್ಪನೇ. ಮಗಳದನ್ನು ಹಲಸಿನ ಒಳ್ಳೆಯ ಹಲಗೆಯಿಂದ ಮಾಡಿದ್ದ, ಅಂಚಿಗೆ ಬಳ್ಳಿಯ ಕೆತ್ತನೆ ಕೂಡ ಇತ್ತು. ಅದು ಮಾಡಿದ ದಿನ ಎಷ್ಟಿತ್ತೋ ಅಷ್ಟೇ ಎತ್ತರ ಈಗಲೂ ಇತ್ತು.

ವರ್ಷಕ್ಕೊಮ್ಮೆ ಅಳತೆಯ ದಿನ ಬರುತ್ತದೆ. ಶಾಲೆಯ ಬಯಲಲ್ಲಿ ಸುಣ್ಣದಿಂದ ಚೌಕಗಳನ್ನು ಬರೆದು, ಒಂದೊಂದರಲ್ಲಿ ಒಂದೊಂದು ಮಣೆ ಇಡಿಸಿ, ಅಳತೆ ಸಾಹೇಬರು ಉದ್ದನೆಯ ಕೋಲು ನಿಲ್ಲಿಸಿ ನೋಡುತ್ತಾರೆ. ಮಣೆ ಚೌಕದೊಳಗೆ ಕೂರಬೇಕು, ಒಂದು ಕೂದಲೆಳೆ ಹೊರಗೆ ಚಾಚಿದರೂ ಕೋಲು ಮುಟ್ಟಿಸುವಂತಿಲ್ಲ. ಸಾಲು ನೇರವಾಗಿರಲಿ ಎಂದು ಹಿಂದೆ ಯಾರೋ ಮಾಡಿದ ನಿಯಮ. ಮೂರು ಅಳತೆಗಳಲ್ಲಿ ಮಣೆ ಏಳದಿದ್ದರೆ ಮಗು ಅದನ್ನು ಎತ್ತಿಕೊಂಡು ಮನೆಗೆ ಹೋಗಬೇಕು, ಮತ್ತೆ ಶಾಲೆಯಿಲ್ಲ. ಹಾಗೆ ಮನೆಗೆ ಹೋದ ಮಣೆಗಳು ಅಡುಗೆಮನೆ ಸೇರುತ್ತವೆ, ಅವುಗಳ ಮೇಲೆ ರೊಟ್ಟಿ ಬುಟ್ಟಿ ಇಡುತ್ತಾರೆ. ಕಸ್ತೂರಿಗೆ ಈ ಸಲದ್ದು ಮೂರನೆಯದು. ಮನೆಗೆ ಹೋದರೆ ಅವ್ವ ಅಪ್ಪ ಕೆಲಸ ಮುಗಿಸಿ ಬರುವ ತನಕ ಒಬ್ಬಳೇ ಹಂಚು ನೋಡುತ್ತ ಮಲಗಿರಬೇಕು, ಅಷ್ಟೇ ಅವಳ ಬದುಕು.

ಮೊದಲ ವಾರ ನಾನು ಅತ್ತುಬಿಟ್ಟೆ. ಏನು ಕಲಿಸಲಿ ಎಂದೇ ತಿಳಿಯಲಿಲ್ಲ. ಆಮೇಲೊಂದು ದಿನ ಗಂಜಿ ತಿನ್ನಿಸುವಾಗ ಚಮಚ ಬಟ್ಟಲಿಗೆ ತಾಗಿ ಸದ್ದಾಯಿತು. ನಾನು ಬೇರೆ ಹುಡುಗನ ಮೂಗು ಒರೆಸಲು ಹೋದವಳು ಒಂದು ಹಾಡು ಮುಗಿಯುವಷ್ಟು ಹೊತ್ತು ಬಿಟ್ಟು ಬಂದು ನೋಡುತ್ತೇನೆ, ಕಸ್ತೂರಿಯ ಕಣ್ಣು ಬಟ್ಟಲಿನ ಕಡೆಗೆ ಹೊರಳಿದೆ. ಮತ್ತೆ ಸದ್ದು ಮಾಡಿ ಕಾದೆ. ಕಾದೆ, ಕಾದೆ, ನನ್ನಂಥವಳು ಬಾಯಿ ಮುಚ್ಚಿಕೊಂಡು ಕಾದೆ. ಕಣ್ಣು ಮತ್ತೆ ಹೊರಳಿತು! ಇಷ್ಟು ದಿನ ನಾವು ಕೇಳಿದ ತಕ್ಷಣ ಉತ್ತರ ಬರಲಿಲ್ಲವೆಂದು ಎದ್ದು ಹೋಗುತ್ತಿದ್ದೆವು. ಅವಳ ಉತ್ತರ ನಮ್ಮ ಬೆನ್ನಿಗೆ ಬರುತ್ತಿತ್ತು. ಆ ಸಂಜೆ ನನ್ನ ಮಣೆಯ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕಲಿಲ್ಲ. ಬಿ.ಎಡ್. ಮುಗಿಸಿದ ಮೇಲೆ ಅಲ್ಲಾಡದೆ ನಿಂತಿದ್ದ ಮಣೆ ಅದು. ನಾನು ಹೆಡ್‌ಮಾಸ್ತರರ ಕೋಣೆಗೆ ಓಡಿದೆ. ಅವರು ತಮ್ಮ ಎತ್ತರದಿಂದಲೇ ಏನು ಕಲಿಸಿದಿರಿ ಎಂದು ಕೇಳಿದರು. ಚಮಚದ ಸದ್ದಿಗೆ ಕಣ್ಣು ಹೊರಳಿಸುವುದು ಎಂದೆ. ಒಳ್ಳೆಯದಾಯಿತು, ಇನ್ನು ಲೋಟದ ಸದ್ದು ಶುರುಮಾಡಿ ಎಂದರು. ಅವರು ತಮಾಷೆಗೆ ಅಂದದ್ದು, ನಾನು ಮಾರನೆಯ ದಿನವೇ ಶುರುಮಾಡಿದೆ.

ಲೋಟ ಎಂದರೆ ನೀರು, ಬಟ್ಟಲು ಎಂದರೆ ಗಂಜಿ. ಎರಡೂ ಸದ್ದು ಮಾಡಿದರೆ ಕಸ್ತೂರಿ ತನಗೆ ಬೇಕಾದ ಕಡೆ ನೋಡತೊಡಗಿದಳು. ಆಮೇಲೆ ನನ್ನ ಚಪ್ಪಲಿ ಸದ್ದಿಗೂ ಹೆಡ್‌ಮಾಸ್ತರರ ಬೂಟಿನ ಸದ್ದಿಗೂ ವ್ಯತ್ಯಾಸ ಗುರುತಿಸಿದಳು, ಬೂಟಿನ ಸದ್ದಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅಷ್ಟು ಬುದ್ಧಿ ನನಗೂ ಇರಲಿಲ್ಲ. ಪ್ರತಿಯೊಂದಕ್ಕೂ ನಾನು ಕುಣಿಯುತ್ತಿದ್ದೆ, ಕುಣಿದ ಮೇಲೆ ಬಗ್ಗಿ ಅವಳ ಮಣೆ ನೋಡುತ್ತಿದ್ದೆ. ಅದು ನೆಲ ಬಿಟ್ಟು ಏಳುತ್ತಿರಲಿಲ್ಲ. ಈ ಹುಡುಗಿ ಕಲಿಯುತ್ತಿದ್ದಾಳೆ ಎಂದು ನನ್ನ ಕಣ್ಣು ಹೇಳುತ್ತಿತ್ತು, ಇಲ್ಲ ಎಂದು ಮರ ಹೇಳುತ್ತಿತ್ತು. ಊರು ನಂಬುವುದು ಮರವನ್ನು.

ಅಳತೆಯ ಹಿಂದಿನ ದಿನ ಅವಳನ್ನು ಮಣೆಯ ಮೇಲೆ ಕೂರಿಸಿ, ಹಿಂದಿನಿಂದ ನನ್ನ ಎರಡೂ ಮೊಣಕಾಲುಗಳ ನಡುವೆ ಮಣೆ ಸಿಕ್ಕಿಸಿಕೊಂಡು, ಅವಳನ್ನು ನನ್ನ ಎದೆಗೆ ಒರಗಿಸಿಕೊಂಡಿದ್ದೆ. ಕೋಣೆಯ ಇನ್ನೊಂದು ಹುಡುಗಿ ಗಂಜಿ ತಿನ್ನುತ್ತಿದ್ದಳು. ಬಟ್ಟಲು ಸದ್ದಾಯಿತು. ಕಸ್ತೂರಿ ಬಟ್ಟಲಿನ ಕಡೆ ನೋಡಿದಳು, ಆಮೇಲೆ ನಿಧಾನವಾಗಿ ತಲೆ ಹೊರಳಿಸಿ ನನ್ನ ಮುಖ ನೋಡಿದಳು, ಮತ್ತೆ ಬಟ್ಟಲು ನೋಡಿದಳು. ನನ್ನದು ಯಾವಾಗ ಎಂದು ಕೇಳುತ್ತಿದ್ದಳು. ಅದುವರೆಗೆ ಅವಳು ವಸ್ತುವನ್ನು ನೋಡಿದ್ದಳು, ಮನುಷ್ಯರನ್ನು ನೋಡಿದ್ದಳು. ವಸ್ತು ಬೇಕೆಂದು ಮನುಷ್ಯರನ್ನು ಕೇಳಿರಲಿಲ್ಲ. ನಾನು ಕಿರುಚಬೇಕು ಎನ್ನುವಷ್ಟರಲ್ಲಿ ಎರಡೂ ಮೊಣಕಾಲಿಗೆ ಏನೋ ಒತ್ತಿತು. ಮಣೆಯ ಅಂಚು. ನನ್ನ ಕಾಲುಗಳನ್ನು ಅದು ಎರಡೂ ಕಡೆಗೆ ಸರಿಸುತ್ತಿತ್ತು.

ಸೀಮೆಸುಣ್ಣ ತೆಗೆದುಕೊಂಡು ಮಣೆಯ ಸುತ್ತ ನೆಲದ ಮೇಲೆ ಗೆರೆ ಎಳೆದೆ. ಅವಳಿಗೆ ಗಂಜಿ ತಿನ್ನಿಸಿದೆ. ಮತ್ತೆ ಚಮಚ ನಿಲ್ಲಿಸಿ ಕಾದೆ. ಈ ಸಲ ಅವಳು ನನ್ನನ್ನು ನೋಡಿ, ಬಟ್ಟಲು ನೋಡಿ, ಇನ್ನೊಂದು ಹುಡುಗಿಯನ್ನೂ ನೋಡಿದಳು. ಅವಳಿಗೂ ಕೊಡು ಎಂದಳೋ ಅವಳಿಗೆ ಸಾಕು ಎಂದಳೋ ದೇವರಿಗೇ ಗೊತ್ತು. ಆದರೆ ನಾನೆಳೆದ ಗೆರೆ ಮಣೆಯ ಅಡಿಗೆ ಹೋಗಿತ್ತು. ಕಸ್ತೂರಿಯ ಮಣೆ ಮೇಲಕ್ಕಲ್ಲ, ಅಗಲಕ್ಕೆ ಬೆಳೆಯುತ್ತಿತ್ತು! ಕೂರಲಾರದ ಮಗುವಿನ ಮಣೆ ಎತ್ತರವಾಗಿ ಏನು ಮಾಡಬೇಕು? ಬಿದ್ದು ಹೋಗುತ್ತಾಳಷ್ಟೆ. ಇಷ್ಟು ಸರಳ ವಿಷಯ ಊರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ನಮ್ಮ ಕೋಲು ನಿಂತೇ ಅಳೆಯುವುದು, ಹಾಗಾಗಿ ನಾವು ನಿಂತದ್ದನ್ನೇ ನೋಡುತ್ತಿದ್ದೆವು.

ಕಸ್ತೂರಿಯನ್ನೂ ಕೋಣೆಯನ್ನೂ ಶಾಲೆಯ ಆಯಾಗೆ ಒಪ್ಪಿಸಿ, ಮಣೆಯನ್ನು ಎದೆಗವಚಿಕೊಂಡು ಪೇಟೆಯ ನಡುವೆ ಓಡಿದೆ. ಸೆರಗು ಎಲ್ಲಿತ್ತೋ ಗೊತ್ತಿಲ್ಲ. ಅಂಗಡಿಗಳಲ್ಲಿ ಎತ್ತರದಲ್ಲಿ ಕೂತವರೆಲ್ಲ ಬಗ್ಗಿ ನೋಡಿದರು. ಮೌನಪ್ಪ ತನ್ನ ಅಂಗಡಿಯಲ್ಲಿ ಮರ ಹೆರೆಯುವ ಉಜ್ಜುಗೊರಡಿನ ಅಲಗು ಮಸೆದು ಸಿಕ್ಕಿಸುತ್ತಿದ್ದ. ನನ್ನ ಕೈಯಲ್ಲಿ ಮಣೆ ನೋಡಿದ್ದೇ ಎದ್ದು ಬಂದು, ನೀವ್ಯಾಕೆ ತರಲು ಹೋದಿರಿ, ಸಂಜೆ ಹೇಗೂ ಮನೆಗೆ ಬರುತ್ತಿತ್ತಲ್ಲ ಎಂದು ಇಸಿದುಕೊಂಡು ನೇರ ಹಲಗೆಯ ಮೇಲಿಟ್ಟು ಗೊರಡು ಎತ್ತಿಕೊಂಡ. ನಾನು ಅವನ ಕೈ ಹಿಡಿದೆ. ಏನು ಮಾಡುತ್ತಿದ್ದೀರಿ ಎಂದು ಕೇಳಿದೆ.

“ಹಸಿ ಹಿಡದು ಉಬ್ಬತೈತ್ರಿ ಅಕ್ಕೋರ. ವರ್ಷಾ ಹಿಂಗ ಆಕ್ಕೈತಿ. ಚೌಕದಾಗ ಕೂಡಬೇಕಲ್ರಿ, ಅದಕ್ಕ ಹೆರೀತೀನಿ. ಎತ್ತರಂತೂ ಇಲ್ಲ, ನೋಡಾಕರ ಚಂದ ಇರಲಿ ಅಂತ.”

ನನಗೆ ಆಗ ಅವನ ಮುಖ ನೋಡುವ ವ್ಯವಧಾನ ಎಲ್ಲಿತ್ತು? ಊರಿನ ಮಣೆಗಳನ್ನೆಲ್ಲ ನೀವೇ ಮಾಡಿದ್ದು, ಬೇರೆ ಯಾವುದಾದರೂ ಒಂದು ಹೀಗೆ ಉಬ್ಬಿದೆಯೇ ಎಂದು ಕೇಳಿದೆ. ಅವನು ಯೋಚಿಸಿ ಇಲ್ಲ ಎಂದು ತಲೆಯಾಡಿಸಿದ. ನಾನು ಚಮಚ, ಲೋಟ, ಬೂಟು, ಮೊಣಕಾಲು, ಗೆರೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ನಿಮ್ಮ ಮಗಳು ಕಲಿಯುತ್ತಿದ್ದಾಳೆ ಮೌನಪ್ಪ, ಮೊದಲಿನಿಂದಲೂ ಕಲಿಯುತ್ತಲೇ ಇದ್ದಾಳೆ ಎಂದು ಚಪ್ಪಾಳೆ ತಟ್ಟಿದೆ. ಅವನು ನಗಲಿಲ್ಲ. ಗೊರಡು ಕೆಳಗಿಟ್ಟು, ಕಾಲ ಬುಡದಲ್ಲಿ ಬಿದ್ದಿದ್ದ ಹೆರೆದ ಸುರುಳಿಗಳ ನಡುವೆ ಹಾಗೇ ಕುಸಿದು ಕೂತ.

“ಅಂದ್ರ ಅಕ್ಕೋರ, ಆಕಿ ಕಲ್ತಿದ್ದನ್ನ ನಾ ವರ್ಷಾ ವರ್ಷಾ ಬಚ್ಚಲ ಒಲಿಗೆ ಹಾಕೀನಿ.”

ನನ್ನ ಚಪ್ಪಾಳೆ ಅಲ್ಲೇ ನಿಂತಿತು. ಅವನ ಪಕ್ಕದಲ್ಲಿ ಕೂತು, ನೀವು ಪ್ರೀತಿಯಿಂದಲೇ ಹೆರೆದದ್ದು ಎಂದು ಹೇಳಿದೆ. ಅದರಿಂದ ಅವನಿಗೆ ಸಮಾಧಾನವಾಗಲಿಲ್ಲ. ಅವನು ಮಣೆಯ ಅಂಚನ್ನು ಬೆರಳಿನಿಂದ ತಡವುತ್ತ, ಇದು ಯಾವ ಸದ್ದಿಗೆ ಬೆಳೆದದ್ದು, ಇದು ಯಾವುದಕ್ಕೆ ಎಂದು ಒಂದೊಂದೇ ಕೇಳತೊಡಗಿದ. ನಾನು ಹೇಳುತ್ತ ಹೋದೆ. ಕಾಳವ್ವ ಬಂದ ಮೇಲೆ ಅವಳಿಗೂ ಮೊದಲಿನಿಂದ ಹೇಳಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. ನಾಳೆ ಮಣೆಯನ್ನು ಹೀಗೇ ಬಯಲಿಗೆ ಒಯ್ಯುವುದು, ಗೊರಡು ಮುಟ್ಟಿಸುವುದಿಲ್ಲ ಎಂದು ಮೂವರೂ ಮಾತಾಡಿಕೊಂಡೆವು. ಸಾಹೇಬರು ಒಮ್ಮೆ ನೋಡಿದರೆ ಸಾಕು, ಕುಣಿದಾಡುತ್ತಾರೆ ಎಂದೆ. ಎಲ್ಲರೂ ನನ್ನ ಹಾಗೆಯೇ ಎಂದುಕೊಳ್ಳುವುದು ನನ್ನ ಹುಟ್ಟುಗುಣ.

ಅಳತೆ ಸಾಹೇಬರ ಹೆಸರು ಹೊಸಮನಿ. ಪರವೂರಿನವರು, ಕೆಟ್ಟವರಲ್ಲ. ಮಕ್ಕಳಿಗೆ ಪೆಪ್ಪರಮಿಂಟು ತರುತ್ತಾರೆ, ಮಣೆ ಗಿಡ್ಡವಿದ್ದರೆ ಗದರದೆ ಬೆನ್ನು ತಟ್ಟುತ್ತಾರೆ. ಬಯಲು ತುಂಬ ಜನ ನೆರೆದಿದ್ದರು. ಸಾಲು ಮುಗಿಸುತ್ತ ಕೊನೆಯ ಚೌಕಕ್ಕೆ ಬಂದು, ಸುಣ್ಣದ ಗೆರೆ ದಾಟಿ ನಾಲ್ಕೂ ಕಡೆ ಚಾಚಿದ ಮಣೆ ನೋಡಿ ನಿಂತರು. ನಾನು ಶುರುಮಾಡಿದೆ. ಅರ್ಧಕ್ಕೇ ಅವರು ಕೈ ಎತ್ತಿದರು. ಹಲಸು ಮಳೆಗಾಲದಲ್ಲಿ ಉಬ್ಬುವುದನ್ನು ತಾನು ಬೇಕಾದಷ್ಟು ನೋಡಿದ್ದೇನೆ ಎಂದರು. ಕಲಿತು ಬೆಳೆದದ್ದೇ ಆದರೆ ಈಗ ತನ್ನ ಕಣ್ಣೆದುರು ಏನಾದರೂ ಕಲಿಯಲಿ, ಮಣೆ ಬೆಳೆಯಲಿ ಎಂದರು.

ನನಗೆ ಅದು ನ್ಯಾಯವಾಗಿಯೇ ಕಂಡಿತು. ಕಸ್ತೂರಿ ಮಣೆಯ ಪಕ್ಕದಲ್ಲಿ ಅವ್ವನ ತೊಡೆಯ ಮೇಲೆ ಮಲಗಿದ್ದಳು. ನಾನು ಬಟ್ಟಲು ಬಾರಿಸಿದೆ, ಅವಳು ನೋಡಿದಳು. ಆದರೆ ಅದು ಹಳೆಯ ಪಾಠ, ಮಣೆ ಅಲ್ಲಾಡಲಿಲ್ಲ. ಹೊಸದೆಂದು ಗಿಲಕಿ ತಂದೆ, ಗಂಟೆ ತಂದೆ, ಬಣ್ಣದ ಕಾಗದ ತಂದೆ. ಬಯಲು, ಬಿಸಿಲು, ಅಷ್ಟೊಂದು ಕಾಲುಗಳ ಸದ್ದು. ಅವಳು ಕಣ್ಣು ಮುಚ್ಚಿಕೊಂಡಳು. ಹಿಂದೆ ಯಾರೋ ನಕ್ಕರು. ನಿನ್ನೆಯಿಂದ ಆಕಾಶದಲ್ಲಿದ್ದ ನಾನು ಧೊಪ್ಪನೆ ನೆಲಕ್ಕೆ ಬಿದ್ದೆ.

ಹೊಸಮನಿಯವರಿಗೆ ನಮ್ಮ ಮೇಲೆ ಕನಿಕರ ಬಂತು. ಮೌನಪ್ಪನನ್ನು ಕರೆದು ಮೆಲ್ಲಗೆ ಒಂದು ದಾರಿ ಹೇಳಿದರು. ಚೌಕಕ್ಕೆ ಸರಿಹೋಗುವಷ್ಟು ಹೆರೆದುಬಿಡಿ, ಎತ್ತರವಿಲ್ಲದಿದ್ದರೂ ನನ್ನ ಜವಾಬ್ದಾರಿಯ ಮೇಲೆ ಇನ್ನೊಂದು ವರ್ಷ ಶಾಲೆಯಲ್ಲಿರಲಿ. ಹೆರೆಯದಿದ್ದರೆ ನನ್ನ ಕೈ ಕಟ್ಟಿದೆ, ಮಣೆ ಇವತ್ತೇ ಮನೆಗೆ ಎಂದರು. ಮೌನಪ್ಪ ನನ್ನ ಮುಖ ನೋಡಿದ. ಹೆರೆದರೆ ಅವಳು ಕಲಿತದ್ದಕ್ಕೆ ಸಾಕ್ಷಿಯೇ ಇಲ್ಲ. ಹೆರೆಯದಿದ್ದರೆ ಅವಳಿಗೆ ಶಾಲೆಯೇ ಇಲ್ಲ. ಒಂದು ವರ್ಷವೆಂದರೆ ಒಂದು ವರ್ಷ, ಮತ್ತೆ ಬೆಳೆಸಿಕೊಳ್ಳುತ್ತಾಳೆ ಎಂದು ನಾನೇ ಹೆರೆಯಲು ಹೇಳಿದೆ. ಹೇಳಿ ಬೇರೆ ಕಡೆ ತಿರುಗಿದೆ, ನೋಡಲು ಆಗಲಿಲ್ಲ.

ಯಾರೋ ಅಂಗಡಿಯಿಂದ ಗೊರಡು ತಂದುಕೊಟ್ಟರು. ಮೌನಪ್ಪ ಮಣೆಯ ಒಂದು ತುದಿಯನ್ನು ಕಾಲಿನಿಂದ ಒತ್ತಿ ಹಿಡಿದು ಕುಕ್ಕರಗಾಲಲ್ಲಿ ಕೂತ. ಗೊರಡು ಅಂಚಿಗೆ ತಾಗಿ ಒಂದು ಎಳೆ ಸುರುಳಿ ಎದ್ದಿತು. ಆಗ ಕಸ್ತೂರಿಯ ಗಂಟಲಿನಿಂದ ಒಂದು ಸದ್ದು ಬಂತು. ಅಳುವಲ್ಲ, ನರಳುವುದಲ್ಲ, ಗಡಸಾದ ಒಂದು ಸದ್ದು. ನಾನು ತಿರುಗಿದೆ. ಅವಳು ಕಣ್ಣು ಬಿಟ್ಟಿದ್ದಳು. ಅವಳ ಕೈ ಅವ್ವನ ತೊಡೆಯಿಂದ ಜಾರಿ, ಗಾಳಿಯಲ್ಲಿ ಒಂದೆರಡು ಸಲ ತಪ್ಪಿ, ಅಪ್ಪನ ಮಣಿಕಟ್ಟಿನ ಮೇಲೆ ಬಿತ್ತು. ಮೌನಪ್ಪ ಅದು ತಾನಾಗಿ ಬಿದ್ದದ್ದೆಂದುಕೊಂಡು ಮೃದುವಾಗಿ ಎತ್ತಿ ಅವಳ ಎದೆಯ ಮೇಲಿಟ್ಟ. ಮತ್ತೆ ಗೊರಡು ಹಿಡಿದ. ಕೈ ಮತ್ತೆ ಬಂತು. ಈ ಸಲ ತಪ್ಪಲಿಲ್ಲ. ಬಿಗಿದ ಮುಷ್ಟಿಯಿಂದಲೇ ಅವಳು ಅಪ್ಪನ ಕೈಯನ್ನು ದೂಡಿದಳು.

ಕಸ್ತೂರಿ ಆ ದಿನದವರೆಗೆ ಯಾವುದನ್ನೂ ಬೇಡ ಎಂದವಳಲ್ಲ. ಗಂಜಿ ಬಿಸಿಯಿದ್ದರೆ ಬಾಯಿ ಸುಟ್ಟುಕೊಂಡು ನುಂಗುತ್ತಿದ್ದಳು, ಬಿಸಿಲಲ್ಲಿ ಮಲಗಿಸಿ ಮರೆತರೆ ಬಿಸಿಲಲ್ಲೇ ಇರುತ್ತಿದ್ದಳು. ಎತ್ತಿದವರ ತೋಳಿಗೆ, ಇಳಿಸಿದ ಕಡೆಯ ನೆಲಕ್ಕೆ ಒಗ್ಗಿಕೊಂಡು ಬಂದವಳು. ಬೇಡ ಎನ್ನಬಹುದು, ಅಂದರೆ ಎದುರಿನವರು ನಿಲ್ಲಿಸುತ್ತಾರೆ ಎಂಬುದು ಅವಳಿಗೆ ಆ ಗಳಿಗೆಯಲ್ಲಿ ತಿಳಿಯಿತು. ಏಕೆಂದರೆ ಮೌನಪ್ಪ ನಿಲ್ಲಿಸಿದ್ದ. ಕೈಯಲ್ಲಿ ಗೊರಡು ಹಾಗೇ ಇತ್ತು, ಅವನು ಅದನ್ನು ಒತ್ತುತ್ತಿರಲಿಲ್ಲ. ಆದರೂ ಗೊರಡು ಹಿಂದಕ್ಕೆ ಸರಿಯಿತು. ಮಣೆಯ ಅಂಚು ಅದನ್ನು ತಳ್ಳುತ್ತ ಅವನ ಎದೆಯ ತನಕ ತಂದಿತು. ಇನ್ನೊಂದು ಕಡೆಯ ಅಂಚು ಸುಣ್ಣದ ಗೆರೆಯಿಂದ ಪಕ್ಕದ ಚೌಕಕ್ಕೆ, ಅಲ್ಲಿಂದ ಹೊಸಮನಿಯವರ ಬೂಟಿನ ತನಕ ಹರಿದು ಬಂತು. ಅವರು ಗಾಬರಿಯಿಂದ ಕಾಲು ಹಿಂದಕ್ಕೆಳೆದುಕೊಂಡರು. ಕಾಳವ್ವ ಮಗಳನ್ನು ಎತ್ತಿ ಮಣೆಯ ಮೇಲೆ ಮಲಗಿಸಿದಳು. ತಲೆಯಿಂದ ಹಿಮ್ಮಡಿಯವರೆಗೆ ಹುಡುಗಿ ಅದರ ಮೇಲೆ ಆರಾಮವಾಗಿ ಹಿಡಿಸಿದಳು.

ಆಮೇಲೆ ಬಯಲಲ್ಲಿ ಎದ್ದ ಗದ್ದಲ ಹೇಳತೀರದು. ನನ್ನ ಮಟ್ಟಿಗೆ ಹೇಳುವುದಾದರೆ ನಾನು ಹೆಡ್‌ಮಾಸ್ತರರ ಎರಡೂ ಕೈ ಹಿಡಿದು ಗಿರಗಿರನೆ ತಿರುಗಿಸಿದೆನಂತೆ, ನನಗೆ ನೆನಪಿಲ್ಲ. ಗದ್ದಲ ಇಳಿದಾಗ ಹೊಸಮನಿಯವರು ಕೋಲು ಹಿಡಿದು ಅದನ್ನೆಲ್ಲಿ ನಿಲ್ಲಿಸಬೇಕೆಂದು ತೋಚದೆ ಮಣೆಗೆ ಸುತ್ತು ಬರುತ್ತಿದ್ದರು. ಕೊನೆಗೆ ಮೊಣಕಾಲೂರಿ, ಕೋಲನ್ನು ಮಣೆಯ ಪಕ್ಕದಲ್ಲಿ ನೆಲಕ್ಕೆ ಮಲಗಿಸಿದರು. ಈ ತುದಿಯಿಂದ ಆ ತುದಿಗೆ ಬೆರಳಿಟ್ಟು ನೋಡಿ, ಇವಳು ಶಾಲೆಯಲ್ಲೇ ಇರುತ್ತಾಳೆ, ಮುಂದಿನ ವರ್ಷ ಈ ಚೌಕಗಳನ್ನು ಬರೆಯುವ ಕೆಲಸವಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಹೇಳಿ ಎದ್ದವರು ಮತ್ತೆ ಕೂತರು. ಖುಷಿ ಅವರಿಗೂ ತಡೆಯಲಾಗಿರಲಿಲ್ಲ. ಪೂರ್ತಿ ಕಣ್ಣು ತುಂಬ ನೋಡಲಾಗಲಿಲ್ಲ, ಗಾಬರಿಯಲ್ಲಿ ಹಿಂದೆ ಸರಿದುಬಿಟ್ಟೆ ಎಂದರು. ಇನ್ನೊಂದೇ ಒಂದು ಸಲ ಗೊರಡು ಮುಟ್ಟಿಸಿ, ಹೆರೆಯುವುದು ಬೇಡ, ಸುಮ್ಮನೆ ಮುಟ್ಟಿಸಿ ಸಾಕು, ಅವಳು ಮತ್ತೆ ದೂಡುತ್ತಾಳೇನೋ ನೋಡೋಣ ಎಂದು ಮೌನಪ್ಪನನ್ನು ಕೇಳಿಕೊಂಡರು. ನನಗೂ ನೋಡಬೇಕೆನಿಸಿತು, ಸುತ್ತಲಿದ್ದ ಎಲ್ಲರೂ ಇನ್ನಷ್ಟು ಹತ್ತಿರ ಬಂದರು. ಮೌನಪ್ಪ ಗೊರಡಿನಿಂದ ಅಲಗು ಬಿಚ್ಚಿ ಜೇಬಿಗೆ ಹಾಕಿಕೊಂಡ. ಸಾಹೇಬರ ಎದುರು ಅದುವರೆಗೆ ತಲೆಯೆತ್ತದವನು ತಲೆಯೆತ್ತಿ ನೋಡಿದ.

“ಆಗಂಗಿಲ್ರಿ ಸಾಹೇಬ್ರ,” ಎಂದ. “ನನ್ನ ಮಗಳು ಬ್ಯಾಡ ಅಂದಾಳ.”